ಗೋಡೆಯೊಳಗಿನ ಪೈಪು ಒಡೆದು ಕೆಳಗಿನ ಮನೆ ಹಾಳಾಗಿದೆ, ದುಡ್ಡು ಬಾಡಿಗೆಯವರೇ ಕೊಡಬೇಕಾ?

ವಿದ್ಯಾನಗರ ಎರಡನೇ ಮಹಡಿ

ನಮಸ್ಕಾರ ಎಲ್ಲರಿಗೂ. ಕಾಯ್ದೆ ಗೊತ್ತಿದ್ದವರು, ಪ್ಲಂಬಿಂಗ್ ಗೊತ್ತಿದ್ದವರು ದಯವಿಟ್ಟು ಸ್ವಲ್ಪ ಓದಿ ಹೇಳಿ.

ಹುಬ್ಬಳ್ಳಿ ವಿದ್ಯಾನಗರದಲ್ಲಿ ಒಂದು ಹಳೆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಬಾಡಿಗೆ 12,000, ಡಿಪಾಜಿಟ್ 60,000. ಕಟ್ಟಡಕ್ಕೆ ಹದಿನೈದು ವರ್ಷದ ಮೇಲಾಗಿದೆ. ಪೈಪೆಲ್ಲ ಗೋಡೆಯೊಳಗೇ ಇವೆ, ಹೊರಗೆ ಏನೂ ಕಾಣುವುದಿಲ್ಲ.

ಹೋದ ವಾರ ಹಾವೇರಿಗೆ ಮದುವೆಗೆ ಹೋಗಿದ್ದೆವು. ರಾತ್ರಿ ಕೆಳಗಿನ ಮನೆಯ ಕಾಕಾ ಫೋನ್ ಮಾಡಿದರು. ನಮ್ಮ ಬಚ್ಚಲದ ಕಡೆಯಿಂದ ಅವರ ಬೆಡ್‌ರೂಮಿಗೆ ನೀರು ಸುರಿಯುತ್ತಿದೆ, ಮೊದಲು ಬಂದು ಬಂದ್ ಮಾಡಿ ಎಂದರು. ಹಾವೇರಿಯಿಂದ ಹೇಗೆ ಬಂದ್ ಮಾಡುವುದು? ನಮ್ಮ ಮನೆಗೆ ಬರುವ ವಾಲ್ ಇರುವುದು ಟೆರೇಸ್ ಮೇಲೆ, ಟಾಕಿ ಹತ್ತಿರ. ಟೆರೇಸಿಗೆ ಬೀಗ, ಚಾವಿ ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ, ಅವರು ಫೋನ್ ಎತ್ತಲಿಲ್ಲ. ನಾವು ಬೆಳಿಗ್ಗೆ ಬಂದು ಮುಟ್ಟುವಷ್ಟರಲ್ಲಿ ಕೆಳಗಿನ ಮನೆಯ ಛತ್ತಿನ ಗಿಲಾವು ಉದುರಿತ್ತು. ಪ್ಲೈವುಡ್ ಕಪಾಟು ಉಬ್ಬಿ ಬಾಗಿಲು ಹಾಕಲಿಕ್ಕೇ ಬರುತ್ತಿರಲಿಲ್ಲ. ಎರಡು ಗಾದಿ ಮತ್ತು ಒಂದು ಟಿವಿ ಹೋಗಿವೆ.

ಪ್ಲಂಬರ್ ಬಂದು ವಾಷ್‌ಬೇಸಿನ್ ಕೆಳಗಿನ ಟೈಲ್ಸ್ ಒಡೆದು ನೋಡಿದರು. ಗೋಡೆಯೊಳಗಿನ ಎಲ್ಬೋ (ಪೈಪು ತಿರುಗುವ ಕಡೆ ಹಾಕುವ ಮೊಣಕೈ ಆಕಾರದ ಜೋಡಣೆ) ಸೀಳಿತ್ತು. ನಾವು ನಳ ಬಿಟ್ಟು ಹೋಗಿರಲಿಲ್ಲ. ಅದನ್ನು ಬಾಗಿಲು ತೆಗೆಯುವಾಗ ಜೊತೆಗಿದ್ದ ಕಾಕಾನೇ ನೋಡಿದ್ದಾರೆ.

ಈಗ ಕೆಳಗಿನವರು 85,000 ಕೇಳುತ್ತಿದ್ದಾರೆ. ನಮ್ಮ ಮಾಲಕರು "ಮನೆಯಲ್ಲಿ ಇರೋರು ನೀವು, ನೀರು ಬಳಸೋರು ನೀವು, ನೀವೇ ನೋಡಿಕೊಳ್ಳಿ, ಇಲ್ಲ ಅಂದ್ರೆ ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುತ್ತೇನೆ" ಎನ್ನುತ್ತಾರೆ. ಸೆಕ್ರೆಟರಿ ಹೇಳುವುದು ಇನ್ನೊಂದು: ಫ್ಲ್ಯಾಟಿನ ಒಳಗಿನದಕ್ಕೂ ಅಸೋಸಿಯೇಷನ್ನಿಗೂ ಸಂಬಂಧ ಇಲ್ಲವಂತೆ. ಚಾವಿ ವಿಷಯ ಎತ್ತಿದರೆ ಮಾತೇ ಬದಲಿಸುತ್ತಾರೆ.

ಎರಡು ಸಂಗತಿ ಮುಖ್ಯ ಅನಿಸುತ್ತದೆ. ಒಂದು, ಮಳೆಗಾಲ ಮುಗಿದ ಮೇಲೂ ಆ ಗೋಡೆಗೆ ಹಸಿ ಹಿಡಿದಿತ್ತು. ಆಗ ಮಾಲಕರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದೆ, "ಸರಿ, ನೋಡೋಣ" ಅಂತ ಉತ್ತರ ಬಂದಿತ್ತು. ಆಮೇಲೆ ಯಾರೂ ಬಂದು ನೋಡಲಿಲ್ಲ. ಎರಡು, ಕರಾರು ಪತ್ರದಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂಬ ಸಾಲಿದೆ. ಮಾಲಕರು ಅದನ್ನೇ ಹಿಡಿದು ಕೂತಿದ್ದಾರೆ. ಗೋಡೆಯೊಳಗಿನ ಪೈಪು ಸಣ್ಣಪುಟ್ಟ ರಿಪೇರಿಯಾ? ನಾನು ದುಡ್ಡು ಕೊಡಬೇಕಾ?

---

ಪೈಪ್ ಪಾನಾ

ಪ್ಲಂಬಿಂಗ್ ಕಾಂಟ್ರಾಕ್ಟ್ ಕೆಲಸ ನಮ್ಮದು, ಹುಬ್ಬಳ್ಳಿ ಧಾರವಾಡ ಎರಡೂ ಕಡೆ. ಕಾಯ್ದೆ ವಕೀಲರು ಹೇಳಲಿ, ನಾನು ಪೈಪಿನ ಮಾತು ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಆ ಒಡೆದ ಎಲ್ಬೋ ಎಲ್ಲಿದೆ? ಪ್ಲಂಬರ್ ಬಿಸಾಕಿದ್ದರೆ ಕಸದಲ್ಲಿ ಹುಡುಕಿ ತೆಗೆದಿಡಿ. ಗೌಂಡಿ ಬಂದು ಗೋಡೆ ಮುಚ್ಚುವ ಮುಂಚೆ ವಿಡಿಯೋ ಮಾಡಿ, ವಾಷ್‌ಬೇಸಿನ್ನೂ ಕಾಣಬೇಕು, ಸೀಳಿದ ಜಾಗವೂ ಕಾಣಬೇಕು, ಎರಡೂ ಒಂದೇ ವಿಡಿಯೋದಲ್ಲಿ. ಪ್ಲಂಬರ್ ಬಿಲ್ಲಿನಲ್ಲಿ ಸುಮ್ನೆ "ರಿಪೇರಿ ಚಾರ್ಜ್" ಅಂತ ಬರೆಸಬೇಡಿ. "ಗೋಡೆಯೊಳಗಿನ ಎಲ್ಬೋ ಸೀಳಿತ್ತು, ಬದಲಿಸಿದೆ" ಅಂತ ಬರೆಸಿ, ತಾರೀಖು ಮತ್ತು ಸಹಿ ಹಾಕಿಸಿ. ಗೋಡೆ ಮುಚ್ಚಿ ಟೈಲ್ಸ್ ಕೂರಿಸಿದ ಮೇಲೆ ನೀವು ಏನು ಹೇಳಿದರೂ ಬರೀ ಮಾತಾಗುತ್ತದೆ.

ಎರಡನೆಯದು, ಒತ್ತಡದ ಲೆಕ್ಕ. ನಿಮ್ಮದು ಟೆರೇಸ್ ಟಾಕಿಯಿಂದ ಇಳಿಯುವ ನೀರು. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. ಹಳೆ ಅಪಾರ್ಟ್‌ಮೆಂಟ್ ಅಂದರೆ ಮೂರ್ನಾಲ್ಕು ಮಹಡಿ ಇರಬಹುದು, ಎರಡನೇ ಮಹಡಿಗೆ ಬೀಳುವುದು ಒಂದು ಕೆಜಿಯ ಆಸುಪಾಸು ಅಷ್ಟೇ. ಸಿಪಿವಿಸಿ (ಬಿಸಿನೀರಿಗೂ ಬಳಸುವ ಪ್ಲಾಸ್ಟಿಕ್) ಎಸ್‌ಡಿಆರ್ 11 (ಪೈಪಿನ ದಪ್ಪದ ದರ್ಜೆ) ಪೈಪು ತಣ್ಣೀರಿಗೆ 28 ಕೆಜಿವರೆಗೆ ತಡೆಯಬೇಕು. ಗೀಸರ್ ನೀರು 82 ಡಿಗ್ರಿ ಬಿಸಿ ಇದ್ದರೂ 7 ಕೆಜಿ ತಡೆಯಬೇಕು. ಒಂದು ಕೆಜಿಗೆ ಎಲ್ಬೋ ಸೀಳಿದೆ ಎಂದರೆ ಅದು ನೀವು ನಳ ಜೋರಾಗಿ ತಿರುಗಿಸಿದ್ದರಿಂದ ಆದದ್ದಲ್ಲ. ಒಂದೋ ಮಾಲು ಕಳಪೆ, ಇಲ್ಲ ಸೊಲ್ಯೂಷನ್ (ಪೈಪು ಅಂಟಿಸುವ ಅಂಟು) ಸರಿಯಾಗಿ ಹಚ್ಚಿಲ್ಲ, ಇಲ್ಲ ಕೂರಿಸುವಾಗ ಪೈಪನ್ನು ಎಳೆದು ಬಗ್ಗಿಸಿ ಗಾರೆ ಮೆತ್ತಿದ್ದಾರೆ. ಹಿತ್ತಾಳೆ ತಿರುಪು ಇರುವ ಎಲ್ಬೋ ಆದರೆ ಇನ್ನೊಂದು ಕಾರಣ ಇದೆ, ಕೂರಿಸುವಾಗಲೇ ಪಾನಾ ಹಾಕಿ ಜಾಸ್ತಿ ಬಿಗಿದು ಕೂದಲೆಳೆ ಬಿರುಕು ಬಿಟ್ಟಿರುತ್ತದೆ, ಅದು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಪೂರ್ತಿ ಬಾಯಿ ಬಿಡುತ್ತದೆ. ನಿಮ್ಮದು ಹಳೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಾದರೆ ಕಥೆ ಬೇರೆ. ನಮ್ಮ ಕಡೆ ಬೋರ್ ನೀರು ಗಡಸು, ಒಳಗೆ ಉಪ್ಪು ಕಟ್ಟಿ ಹೊರಗೆ ತುಕ್ಕು ಹಿಡಿದು ಸೂಜಿ ತೂತು ಬೀಳುತ್ತದೆ. ಅದೂ ಬಾಡಿಗೆಯವರ ಕೈಯಲ್ಲಿ ಇಲ್ಲ.

ಹಸಿ ಮೊದಲೇ ಇತ್ತು ಅಂದಿರಲ್ಲ, ಅದು ಮುಖ್ಯ. ಬರುವ ಲೈನು ಸೋರಿದರೆ ನೀವು ನೀರು ಬಳಸಲಿ ಬಿಡಲಿ ಹಸಿ ಆರುವುದೇ ಇಲ್ಲ. ಹೋಗುವ ಲೈನು ಸೋರಿದರೆ ಬಳಸಿದಾಗ ಮಾತ್ರ ಹಸಿ, ಊರಿಗೆ ಹೋಗಿ ಬಂದರೆ ಗೋಡೆ ಒಣಗಿರುತ್ತದೆ. ನಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ನೀರು ಹೋಗುವ ಬಾಯಿ) ಸುತ್ತ ಸೋರಿದರೆ ಅಲ್ಲಿ ಬಣ್ಣದ ನೀರು ಸುರಿದು ಕೆಳಗಿನ ಛತ್ತಿನಲ್ಲಿ ಬಣ್ಣ ಬರುತ್ತದಾ ಅಂತ ನೋಡುತ್ತೇವೆ. ನೀವು ಊರಲ್ಲಿ ಇಲ್ಲದಾಗ, ನಳವೆಲ್ಲ ಬಂದ್ ಇದ್ದಾಗ ನೀರು ಸುರಿದಿದೆ. ಅಂದಮೇಲೆ ಬರುವ ಲೈನೇ, ಅನುಮಾನವೇ ಇಲ್ಲ.

ಅದೇ ಬೇಸಿನ್ ಕೆಳಗಿನ ಕನೆಕ್ಷನ್ ಪೈಪು, ಅಂದರೆ ಹೊರಗೆ ಕಾಣುವ ಬಳುಕುವ ಪೈಪು ಕಿತ್ತಿದ್ದರೆ, ಅಥವಾ ನಿಮ್ಮ ವಾಷಿಂಗ್ ಮಷೀನಿನ ಪೈಪು ಕಳಚಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಅದು ಕಣ್ಣಿಗೆ ಕಾಣುವ ಜಾಗ, ನಿಮ್ಮ ಜವಾಬ್ದಾರಿ.

---

ಕೇಶ್ವಾಪುರ ಮಾಲಕಿ

ಇಲ್ಲಿ ಎಲ್ಲರೂ ಮಾಲಕರನ್ನು ಬೈಯಲು ಶುರು ಮಾಡುವ ಮುಂಚೆ ನಮ್ಮ ಕಡೆಯದೂ ಸ್ವಲ್ಪ ಕೇಳಿ. ನಮ್ಮವು ಎರಡು ಮನೆ ಬಾಡಿಗೆಗೆ ಇವೆ. ಹಿಂದೆ ಇದ್ದವರು ಅಡುಗೆಮನೆ ಮೂಲೆಯಲ್ಲಿ ನೀರು ಜಿನುಗುವುದನ್ನು ನೋಡಿಯೂ ಹೇಳಲಿಲ್ಲ. ಹೇಳಿದರೆ ನಾವು ಟೈಲ್ಸ್ ಒಡೆಸುತ್ತೇವೆ, ಮನೆ ತುಂಬ ಧೂಳು, ಮಕ್ಕಳ ಪರೀಕ್ಷೆ ಅಂತ ಸುಮ್ಮನಿದ್ದರು. ಕೆಳಗೆ ಸ್ಲ್ಯಾಬಿನ ಸರಳಿಗೆ ತುಕ್ಕು ಹಿಡಿದು ಕಾಂಕ್ರೀಟ್ ಉದುರಿದಾಗ ನಮಗೆ ಗೊತ್ತಾಗಿದ್ದು. ನಮಗೇನು ದಿನಾ ಬಂದು ಬಾಡಿಗೆಯವರ ಬಚ್ಚಲು ನೋಡಲಿಕ್ಕೆ ಆಗುತ್ತದಾ? ಹಾಗೆ ಬಂದರೆ ಮಾಲಕರು ಕಾಟ ಕೊಡುತ್ತಾರೆ ಅಂತೀರಿ.

ಹಾಗಾಗಿ ನನ್ನ ಲೆಕ್ಕ ಸರಳ. ಪೈಪು ನನ್ನದು, ಒಪ್ಪುತ್ತೇನೆ. ಆದರೆ ಪೈಪು ಸೋರುತ್ತಿದೆ ಅಂತ ನನಗೆ ಹೇಳುವುದು ನಿಮ್ಮದು. ಹೇಳಿದ ಮೇಲೂ ನಾನು ಮಾಡಿಸಲಿಲ್ಲವೆಂದರೆ ಪೂರ್ತಿ ಹೊಣೆ ನನ್ನದೇ. ಹೇಳದೇ ಇದ್ದರೆ, ಹೇಳದೇ ಇದ್ದುದರಿಂದ ಎಷ್ಟು ಜಾಸ್ತಿ ಹಾಳಾಯಿತೋ ಅಷ್ಟಕ್ಕೆ ನೀವೂ ಬರುತ್ತೀರಿ.

ಈ ತಮ್ಮ ಹೇಳಿದ್ದಾರೆ, ಫೋಟೋ ಸಮೇತ ಹೇಳಿದ್ದಾರೆ, ಉತ್ತರವೂ ಬಂದಿದೆ. ಇಲ್ಲಿ ಮಾಲಕರದೇ ತಪ್ಪು, ನಾನು ಮಾಲಕಿಯಾಗಿಯೇ ಹೇಳುತ್ತೇನೆ. "ನೋಡೋಣ" ಅಂದವರು ಬಂದು ನೋಡಬೇಕಿತ್ತು.

ಸಣ್ಣಪುಟ್ಟ ರಿಪೇರಿ ಎಂದರೆ ನಮ್ಮ ಕರಾರಿನಲ್ಲಿ ಬಿಡಿಸಿಯೇ ಬರೆದಿರುತ್ತೇವೆ: ನಳದ ವಾಷರ್, ಬಲ್ಬು, ಸ್ವಿಚ್ಚು, ಬಾಗಿಲ ಚಿಲಕ. ಬರೀ "ಸಣ್ಣಪುಟ್ಟ" ಅಂತ ಬರೆದು ಬಿಟ್ಟರೆ ಇದೇ ಗತಿ. ಇನ್ನು ಆ ಸೆಕ್ರೆಟರಿ ಮನುಷ್ಯ. ಟೆರೇಸ್ ಚಾವಿ ಒಬ್ಬರ ಹತ್ತಿರ ಇಟ್ಟುಕೊಂಡು ರಾತ್ರಿ ಫೋನ್ ಎತ್ತದಿದ್ದರೆ ಹೇಗೆ? ನಮ್ಮ ಕಟ್ಟಡದಲ್ಲಿ ಪ್ರತಿ ಮಹಡಿಗೂ ಒಂದೊಂದು ಚಾವಿ ಕೊಟ್ಟಿದ್ದೇವೆ.

---

ಬೆಟಗೇರಿ ನೇಕಾರ

ನಮ್ಮ ಗದಗ ಬೆಟಗೇರಿ ಕಡೆ ಇದರದೇ ಉಲ್ಟಾ ಕಥೆ ಆಗಿತ್ತು. ನಮಗೆ ತುಂಗಭದ್ರಾ ನೀರು, ದಿನಾ ಬರುವುದಿಲ್ಲ. ಯಾವಾಗ ಬರುತ್ತದೋ ಅಂತ ನಳ ತಿರುಗಿಸಿಯೇ ಇಟ್ಟು ಬಕೆಟ್ ಕೆಳಗಿಡುವುದು ಎಲ್ಲರ ಮನೆಯಲ್ಲೂ ರೂಢಿ. ಎದುರು ಮನೆಯ ಮೇಲಿನ ಬಾಡಿಗೆಯವರು ಹಾಗೇ ಬಿಟ್ಟು ಊರಿಗೆ ಹೋದರು, ನಡುರಾತ್ರಿ ನೀರು ಬಂತು, ಕೆಳಗೆ ಸೀರೆ ಅಂಗಡಿ. ಅವರು ಒಂದು ಮಾತೂ ವಾದ ಮಾಡಲಿಲ್ಲ, ಕಂತಿನಲ್ಲಿ ತೀರಿಸಿದರು. ಅದು ಸರಿ ಕೂಡ, ಪೈಪು ಚೆನ್ನಾಗೇ ಇತ್ತು, ನಳ ಬಿಟ್ಟವರು ಅವರು.

ನಿಮ್ಮ ಕೇಸಿನಲ್ಲಿ ಎದುರಿನವರು ಮೊದಲು ಹೇಳುವುದೇ "ನಳ ಬಿಟ್ಟು ಹೋಗಿದ್ದರು" ಅಂತ, ನೋಡುತ್ತಿರಿ. ಬಾಗಿಲು ತೆಗೆದಾಗ ಕಾಕಾ ಜೊತೆಗಿದ್ದರು ಅಂದಿರಲ್ಲ, ಅವರಿಂದ ಈಗಲೇ ಒಂದು ಮೆಸೇಜು ಹಾಕಿಸಿಕೊಳ್ಳಿ. ಸಂಬಂಧ ಇನ್ನೂ ಚೆನ್ನಾಗಿರುವಾಗಲೇ.

---

ವಿದ್ಯಾನಗರ ಎರಡನೇ ಮಹಡಿ

ಎಲ್ಲರಿಗೂ ಥ್ಯಾಂಕ್ಸ್. ಪಾನಾ ಅಣ್ಣಾ, ಎಲ್ಬೋ ಸಿಕ್ಕಿದೆ, ಸಿಪಿವಿಸಿನೇ, ಹಿತ್ತಾಳೆ ತಿರುಪಿನದು, ತಿರುಪಿನ ಸುತ್ತಲೇ ಸೀಳಿದೆ. ಗೋಡೆ ಇನ್ನೂ ಮುಚ್ಚಿಲ್ಲ, ಇವತ್ತೇ ವಿಡಿಯೋ ಮಾಡುತ್ತೇನೆ. ಅಕ್ಕಾವ್ರೆ, ನಿಮ್ಮಂಥ ಮಾಲಕರು ಸಿಕ್ಕಿದ್ದರೆ ಇಲ್ಲಿ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಒಂದು ಹೊಸ ವಿಷಯ. ಮಾಲಕರು ನಿನ್ನೆ ಫೋನ್ ಮಾಡಿ "ಅರ್ಧ ನೀವು ಅರ್ಧ ನಾನು, ಮುಗಿಸಿಬಿಡೋಣ" ಎಂದರು. ಕೆಳಗಿನವರು ಒಂದು ಹಾಳೆ ಬರೆದು ತಂದಿದ್ದಾರೆ, "ಮೇಲಿನ ಮನೆಯವರ ಬಳಕೆಯಿಂದ ಆದ ಹಾನಿ" ಅಂತ ಇದೆ, ನನ್ನ ಸಹಿ ಬೇಕಂತೆ. ಹೆಂಡತಿ ಕೊಟ್ಟುಬಿಡಿ, ದಿನಾ ಮೆಟ್ಟಿಲ ಮೇಲೆ ಮುಖ ನೋಡಬೇಕಲ್ವಾ ಅನ್ನುತ್ತಾಳೆ. ಬಾಡಿಗೆ ನಿಲ್ಲಿಸಿದರೆ ಮಾಲಕರು ದಾರಿಗೆ ಬರುತ್ತಾರಾ?

---

ಕರಿಕೋಟು ಧಾರವಾಡ

ಸಹಿ ಹಾಕಬೇಡಿ. ಬಾಡಿಗೆಯನ್ನೂ ನಿಲ್ಲಿಸಬೇಡಿ. ಉಳಿದದ್ದು ನಿಧಾನವಾಗಿ ಓದಿ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಜನ ಕಲಸಿಬಿಡುತ್ತಾರೆ. ನಿಮ್ಮ ಮತ್ತು ಮಾಲಕರ ನಡುವೆ ಇರುವುದು ಕರಾರು. ನಿಮ್ಮ ಮತ್ತು ಕೆಳಗಿನವರ ನಡುವೆ ಯಾವ ಕರಾರೂ ಇಲ್ಲ, ಅಲ್ಲಿ ನೋಡುವುದು ನಿಷ್ಕಾಳಜಿ ಯಾರದು ಎಂದು ಮಾತ್ರ.

ಮೊದಲು ಕೆಳಗಿನವರದು. ಮೇಲಿನಿಂದ ನೀರು ಬಂತು ಅಂದ ಮಾತ್ರಕ್ಕೆ ಮೇಲೆ ಇರುವವರು ಕೊಡಲೇಬೇಕು ಎಂದಿಲ್ಲ. ಇದು ಹಳೆಯ ತತ್ವ. ಆಸ್ಟ್ರೇಲಿಯಾದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ (ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಹೋದ ರಿಕರ್ಡ್ಸ್ ಮತ್ತು ಲೋಥಿಯನ್ ಪ್ರಕರಣದಲ್ಲಿ, 1913ರಲ್ಲಿ, ಯಾರೋ ಬೇಕೆಂದೇ ಮೇಲಿನ ಮಹಡಿಯ ವಾಷ್‌ಬೇಸಿನ್ನಿನ ತೂತು ಮುಚ್ಚಿ ನಳ ಬಿಟ್ಟು ಹೋಗಿದ್ದರು, ಕೆಳಗಿನ ಬಾಡಿಗೆದಾರರ ಸರಕು ಹಾಳಾಯಿತು. ಮನೆಗೆ ನೀರಿನ ಪೈಪು ಇರುವುದು ಸಾಮಾನ್ಯ ಬಳಕೆ, ನಿಷ್ಕಾಳಜಿ ಇಲ್ಲದಿದ್ದರೆ ಹೊಣೆ ಇಲ್ಲ ಎಂದು ತೀರ್ಪಾಯಿತು. ನಿಮ್ಮ ವಿಷಯಕ್ಕೆ ತಂದರೆ, ನೀವು ಏನು ಮಾಡಬೇಕಿತ್ತು, ಮಾಡಲಿಲ್ಲ ಎಂಬುದನ್ನು ಕೆಳಗಿನವರು ತೋರಿಸಬೇಕು. ಹಸಿ ಕಂಡಿತು, ಮಾಲಕರಿಗೆ ತಿಳಿಸಿದಿರಿ. ಗೋಡೆ ಒಡೆಯುವ ಹಕ್ಕು ನಿಮಗಿಲ್ಲ. ಇದಕ್ಕಿಂತ ಜಾಸ್ತಿ ಬಾಡಿಗೆಯವರಿಂದ ಏನು ನಿರೀಕ್ಷಿಸುತ್ತಾರೆ? ಮಾಲಕರ ಪರಿಸ್ಥಿತಿ ಹಾಗಿಲ್ಲ, ಅವರಿಗೆ ಗೊತ್ತಿತ್ತು, ಸುಮ್ಮನಿದ್ದರು. ಚಾವಿ ಇಟ್ಟುಕೊಂಡವರ ಪಾಲೂ ಇದೆ. ಪೈಪು ಒಡೆದದ್ದಕ್ಕಲ್ಲ, ರಾತ್ರಿಯಿಡೀ ನೀರು ನಿಲ್ಲಿಸಲು ಆಗದೆ ಹಾನಿ ಹೆಚ್ಚಾದದ್ದಕ್ಕೆ. ಟಾಕಿ, ಪಂಪು, ಮೋಟರು ಎಲ್ಲ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯ್ದೆಯಲ್ಲಿ ಸಾಮೂಹಿಕ ಸೌಲಭ್ಯದ ಪಟ್ಟಿಯಲ್ಲಿ ಬರುತ್ತವೆ. "ನಮಗೆ ಸಂಬಂಧವಿಲ್ಲ" ಎಂಬ ಮಾತು ಟಾಕಿಯ ಹತ್ತಿರದ ವಾಲ್‌ಗೆ ಹೊಂದುವುದಿಲ್ಲ.

ಈಗ ಮಾಲಕರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಅದರ (ಎಂ) ಪ್ರಕಾರ ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿ ಇಟ್ಟು ವಾಪಸ್ ಕೊಡುವುದು ಬಾಡಿಗೆದಾರನ ಕೆಲಸ, ಆದರೆ ಸಹಜ ಸವೆತ ಮತ್ತು ಕೈಮೀರಿದ ಕಾರಣದಿಂದ ಆದದ್ದು ಬಿಟ್ಟು. ನಿಮ್ಮ ಕೃತ್ಯದಿಂದ ಅಥವಾ ತಪ್ಪಿನಿಂದ ದೋಷ ಆಗಿದ್ದರೆ, ಮಾಲಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ನೀವು ಸರಿಪಡಿಸಬೇಕು. ಹದಿನೈದು ವರ್ಷದ ಹಿಂದೆ ಯಾರೋ ಬಿಗಿದ ಎಲ್ಬೋ ನಿಮ್ಮ ಕೃತ್ಯ ಹೇಗಾಗುತ್ತದೆ?

ಬಹಳ ಜನ (ಎಫ್) ತೋರಿಸಿ "ನೀವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಕಳೆಯಿರಿ" ಎನ್ನುತ್ತಾರೆ. ಅರ್ಧ ಮಾತ್ರ ಸರಿ. ಮಾಲಕ ಯಾವ ರಿಪೇರಿ ಮಾಡಲು ಬದ್ಧನೋ ಅದನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು ಎಂದಿದೆ. "ಬದ್ಧ" ಎಂಬ ಭಾಗವೇ ಜಗಳದ ಮೂಲ. ಅದು ಕರಾರಿನಿಂದ ಅಥವಾ ಊರಿನ ರೂಢಿಯಿಂದ ಬರಬೇಕು. ನಿಮ್ಮ ಕರಾರು ಸಣ್ಣಪುಟ್ಟದನ್ನು ನಿಮಗೆ ಹಾಕಿದೆ ಎಂದರೆ ದೊಡ್ಡದು ಮಾಲಕರಿಗೇ ಉಳಿಯಿತು ಎಂದು ವಾದಿಸಬಹುದು, ಗಟ್ಟಿ ವಾದವೇ. ಮಾಲಕರು ಹಿಡಿದು ಕೂತ ಸಾಲು ನಿಮಗೇ ಉಪಯೋಗ. ಆದರೂ ನೋಟಿಸ್ ಕೊಡದೆ ಬಾಡಿಗೆ ಮುರಿದರೆ "ಬಾಡಿಗೆ ಬಾಕಿ" ಅಂತ ಇನ್ನೊಂದು ಕೇಸು ನೀವೇ ಕೈಯಾರೆ ಕೊಟ್ಟಂತೆ. ಪ್ರತಿ ತಿಂಗಳು ಬ್ಯಾಂಕ್ ಮೂಲಕ ಪೂರ್ತಿ ಕಟ್ಟುತ್ತಾ ಹೋಗಿ.

2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯನ್ನೂ ತೋರಿಸಿ ಮಾತಾಡಬಹುದು. ಅದರಲ್ಲಿ ಪೈಪು ಬದಲಿಸುವುದು ಮಾಲಕರ ಕಡೆ ಇದೆ, ನಳ ಮತ್ತು ವಾಷರ್ ಬದಲಿಸುವುದು, ಚರಂಡಿ ಸ್ವಚ್ಛ ಮಾಡುವುದು, ವಾಷ್‌ಬೇಸಿನ್ ಮತ್ತು ಗೀಸರ್ ರಿಪೇರಿ ಬಾಡಿಗೆದಾರರ ಕಡೆ ಇದೆ. ಅದು ಕೇಂದ್ರ ಕೊಟ್ಟ ಮಾದರಿ, ರಾಜ್ಯ ತನ್ನದಾಗಿ ಕಾಯ್ದೆ ಮಾಡಿದರೆ ಮಾತ್ರ ಬಲ. ಆದರೆ "ಸಣ್ಣಪುಟ್ಟ" ಎಂದರೆ ಏನು ಎಂದು ಮಾಲಕರಿಗೆ ತಿಳಿಸಿ ಹೇಳಲು ಒಳ್ಳೆ ಕಾಗದ. ಇನ್ನು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ತಿಂಗಳಿಗೆ 3,500 ದಾಟಿದ ಬಾಡಿಗೆ ಅದರ ಹೊರಗೆ.

85,000 ಕೂಡ ಹಾಗೇ ಒಪ್ಪಬೇಡಿ, ಯಾರು ಕೊಟ್ಟರೂ ಸರಿ. ಹಳೆ ಟಿವಿಗೆ ಹೊಸ ಟಿವಿಯ ಬೆಲೆ ಪರಿಹಾರ ಆಗುವುದಿಲ್ಲ. ಹಾಳಾದ ದಿನ ಆ ವಸ್ತುವಿಗೆ ಎಷ್ಟು ಬೆಲೆ ಇತ್ತೋ ಅಷ್ಟು. ಛತ್ತಿಗೆ ಗಿಲಾವು ಮಾಡಿಸಿದ ಬಿಲ್ಲು, ಕಪಾಟಿನ ಅಂದಾಜು ಎಲ್ಲ ಕಾಗದದ ಮೇಲೆ ಕೇಳಿ.

---

ಸಾಧನಕೇರಿ ನಿವಾಸಿ

ಇದು ನಿಮಗೆ ಈಗ ಉಪಯೋಗಕ್ಕೆ ಬರುವುದಿಲ್ಲ, ಓದುವ ಬೇರೆಯವರಿಗೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟಾಕಿ, ಪೈಪು ಒಡೆದು ಅಥವಾ ಉಕ್ಕಿ ಆಗುವ ಹಾನಿ ಸೇರಿದೆ. ಬಾಡಿಗೆಯಲ್ಲಿ ಇರುವವರು ಕಟ್ಟಡ ಬಿಟ್ಟು ಬರೀ ಮನೆ ಸಾಮಾನಿಗೆ ಮಾಡಿಸಬಹುದು. ಆ ಕೆಳಗಿನ ಕಾಕಾ ಮಾಡಿಸಿದ್ದಾರಾ ಅಂತ ಕೇಳಿ ನೋಡಿ. ಬ್ಯಾಂಕಿನಲ್ಲಿ ಮನೆ ಸಾಲ ಮಾಡಿದವರಿಗೆ ಪಾಲಿಸಿ ಇರುವುದೇ ಮರೆತಿರುತ್ತದೆ.

---

ಪೈಪ್ ಪಾನಾ

ಹಿತ್ತಾಳೆ ತಿರುಪಿನ ಸುತ್ತಲೇ ಸೀಳಿದೆ ಅಂದರೆ ಜಾಸ್ತಿ ಬಿಗಿದದ್ದೇ ಕಾರಣ ಇರಬೇಕು. ಒಂದು ಮಾತು ಕೇಳುತ್ತೇನೆ, ನೀವು ಬಂದ ಮೇಲೆ ಆ ಜಾಗದ ಆಂಗಲ್ ಕಾಕ್ (ಬೇಸಿನ್ ಕೆಳಗೆ ಗೋಡೆಗೆ ಕೂರಿಸಿದ ಸಣ್ಣ ವಾಲ್) ಬದಲಿಸಿದ್ದಿರಾ? ಬದಲಿಸಿದ್ದರೆ ಮಾಲಕರು ನಿಮ್ಮ ಪ್ಲಂಬರ್ ಬಿಗಿದದ್ದು ಅನ್ನಬಹುದು.

---

ವಿದ್ಯಾನಗರ ಎರಡನೇ ಮಹಡಿ

ಇಲ್ಲ ಅಣ್ಣಾ, ಆ ಬೇಸಿನ್ ಕೆಳಗೆ ನಾವು ಏನೂ ಮುಟ್ಟಿಲ್ಲ. ಪಾಲಿಸಿ ಬಗ್ಗೆ ಕಾಕಾನಿಗೆ ಕೇಳುತ್ತೇನೆ.

ವಕೀಲರೇ, ಮಾಲಕರಿಗೆ ಏನಂತ ಬರೆಯಲಿ? ಡಿಪಾಜಿಟ್ ಮುರಿದುಕೊಂಡರೆ ಏನು ಮಾಡಲಿ? 60,000ಕ್ಕೆ ಕೋರ್ಟಿಗೆ ಓಡಾಡುವಷ್ಟು ಪುರಸೊತ್ತು ಇಲ್ಲ ನನಗೆ.

---

ಕರಿಕೋಟು ಧಾರವಾಡ

ಬರೆಯುವುದು ಸಣ್ಣದಾಗಿ ಇರಲಿ, ಬೈಗುಳ ಬೇಡ, "ಕಾನೂನು ಕ್ರಮ" ಅಂತ ಹೆದರಿಸುವುದೂ ಬೇಡ. ಹೀಗೆ ಬರೆಯಿರಿ:

"ಮಾನ್ಯರೇ, ಬಚ್ಚಲದ ಗೋಡೆಗೆ ಹಸಿ ಹಿಡಿದಿರುವುದನ್ನು ಇಂಥ ತಾರೀಖು ಫೋಟೋ ಸಮೇತ ತಮಗೆ ತಿಳಿಸಿದ್ದೆ, ತಾವು 'ಸರಿ, ನೋಡೋಣ' ಎಂದು ಉತ್ತರಿಸಿದ್ದಿರಿ. ಇಂಥ ತಾರೀಖು ರಾತ್ರಿ ಅದೇ ಗೋಡೆಯೊಳಗಿನ ಪೈಪಿನ ಎಲ್ಬೋ ಸೀಳಿ ಕೆಳಗಿನ ಮನೆಗೆ ನೀರು ಇಳಿದಿದೆ. ಒಡೆದ ಭಾಗ, ವಿಡಿಯೋ ಮತ್ತು ಪ್ಲಂಬರ್ ಬಿಲ್ಲು ನನ್ನ ಬಳಿ ಇವೆ, ತಾವು ಬಂದು ನೋಡಬಹುದು. ಗೋಡೆಯನ್ನು ಇಂಥ ತಾರೀಖಿನವರೆಗೆ ತೆರೆದೇ ಇಡುತ್ತೇನೆ. ಈ ಹಾನಿ ನನ್ನ ಬಳಕೆಯಿಂದ ಆದದ್ದಲ್ಲ, ಆದ್ದರಿಂದ ನನ್ನ ಡಿಪಾಜಿಟ್‌ನಲ್ಲಿ ಇದನ್ನು ಮುರಿದುಕೊಳ್ಳಲು ನನ್ನ ಒಪ್ಪಿಗೆ ಇಲ್ಲ."

ವಾಟ್ಸಾಪಿನಲ್ಲೂ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ಬಂದು ನೋಡಬಹುದು" ಎಂಬ ಸಾಲು ಬಿಡಬೇಡಿ. ನಾಳೆ ಅವರು "ನಮಗೆ ತೋರಿಸದೇ ಮುಚ್ಚಿಬಿಟ್ಟರು" ಅನ್ನಬಾರದು. ಹಳೆ ವಾಟ್ಸಾಪ್ ಮೆಸೇಜು ಇರುವ ಫೋನನ್ನು ಸದ್ಯ ಬದಲಿಸಬೇಡಿ, ರಿಸೆಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲುವುದಿಲ್ಲ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಕೋರ್ಟಿನ ಓಡಾಟ ಬೇಡ ಅಂದರೆ ಲೋಕ ಅದಾಲತ್ ಇದೆ. ಕೇಸು ಹಾಕುವ ಮುಂಚೆಯೇ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಹುಬ್ಬಳ್ಳಿಯವರು ತಿಮ್ಮಸಾಗರದ ಹೊಸ ಕೋರ್ಟಿನಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೋರ್ಟ್ ಫೀ ಇಲ್ಲ. ಮಾಲಕರು, ಕೆಳಗಿನವರು, ಅಸೋಸಿಯೇಷನ್, ನೀವು, ನಾಲ್ಕೂ ಜನರನ್ನು ಒಂದೇ ಮೇಜಿನ ಮುಂದೆ ಕೂರಿಸಬಹುದು. ಈ ಜಗಳಕ್ಕೆ ಬೇಕಾದದ್ದು ಅದೇ, ಯಾಕೆಂದರೆ ಈಗ ಎಲ್ಲರೂ ನಿಮ್ಮೊಬ್ಬರ ಜೊತೆ ಮಾತ್ರ ಬೇರೆ ಬೇರೆ ಮಾತಾಡುತ್ತಿದ್ದಾರೆ. ಅಲ್ಲಿ ಒಪ್ಪಂದವಾದರೆ ಅದಕ್ಕೆ ಡಿಕ್ರಿಯ (ಕೋರ್ಟ್ ತೀರ್ಪಿನ) ಬಲ, ಮೇಲ್ಮನವಿ ಇಲ್ಲ, ಹಾಗಾಗಿ ಒಪ್ಪುವ ಮುಂಚೆ ಮೊತ್ತ ಸರಿಯಾಗಿ ನೋಡಿ. ಒಪ್ಪಂದವಾಗದಿದ್ದರೆ ದಾವೆಯ ದಾರಿ ಹಾಗೇ ಇರುತ್ತದೆ, ಡಿಪಾಜಿಟ್ ಹಣ ಕೇಳಲು ಮೂರು ವರ್ಷದ ಕಾಲಮಿತಿ.

ಅರ್ಧ ಅರ್ಧದ ಮಾತಿಗೆ ನನ್ನ ಸಲಹೆ: ನೆರೆಹೊರೆ ಚೆನ್ನಾಗಿರಲಿ ಅಂತ ಸ್ವಲ್ಪ ಕೊಡುವ ಮನಸ್ಸಿದ್ದರೆ ಕೊಡಿ, ತಪ್ಪಿಲ್ಲ. ನಿಮ್ಮ ಮನೆಯವರು ಮೆಟ್ಟಿಲ ಬಗ್ಗೆ ಹೇಳಿದ್ದು ಸುಳ್ಳಲ್ಲ. ಆದರೆ ಅದು ಗಾದಿಗೋ ಕಪಾಟಿಗೋ ಸಹಾಯ ಅಂತ ಇರಲಿ. ಹಾಳೆಯಲ್ಲಿ "ಹೊಣೆ ಒಪ್ಪಿಕೊಳ್ಳದೆ, ಸೌಹಾರ್ದಕ್ಕಾಗಿ" ಎಂದು ಬರೆಸಿ, "ಮುಂದೆ ಯಾವ ಬೇಡಿಕೆಯೂ ಇಲ್ಲ" ಎಂದು ಅವರ ಸಹಿ ತೆಗೆದುಕೊಳ್ಳಿ. ಅವರು ತಂದ ಹಾಳೆಗೆ ಸಹಿ ಹಾಕಿದರೆ ಮಾತ್ರ 85,000 ಪೂರ್ತಿ ನಿಮ್ಮ ಮೇಲೆ ಬರುತ್ತದೆ, ಆಮೇಲೆ ಎಲ್ಬೋ ಹಿಡಿದುಕೊಂಡು ಬಂದರೂ ನನಗೆ ಮಾಡಲಿಕ್ಕೆ ಜಾಸ್ತಿ ಏನೂ ಉಳಿಯುವುದಿಲ್ಲ.